ಸೈಗಾನಿಗೆ ಮುಂಗಾರು, ಹ್ಯೂಗೆ ಹಿಂಗಾರು: ಮಳೆಗಾಲದ ವಿಯೆಟ್ನಾಂಗೆ ಬೆನ್ನಚೀಲ ಕಟ್ಟುವುದು

ಹುಬ್ಬಳ್ಳಿ-ಧಾರವಾಡದ ಕಡೆಯಿಂದ ವಿಯೆಟ್ನಾಂಗೆ ಹೊರಡುವವರು ಮೊದಲು ಕೇಳುವುದು ಒಂದೇ ಮಾತು: "ಮಳಿಗಾಲದಾಗ ಹೋದ್ರ ನಡೀತೈತೇನ್ರಿ?" ಇದಕ್ಕೆ ಹೌದು, ಇಲ್ಲ ಎಂದು ಒಂದೇ ಪದದಲ್ಲಿ ಉತ್ತರ ಹೇಳಲು ಬರುವುದಿಲ್ಲ. ಯಾವ ತಿಂಗಳು, ಯಾವ ಊರು ಎಂದು ತಿರುಗಿ ಕೇಳಬೇಕು. ಆ ದೇಶ ಉತ್ತರದಿಂದ ದಕ್ಷಿಣಕ್ಕೆ ಸುಮಾರು 1,650 ಕಿ.ಮೀ. ಉದ್ದ ಇದೆ, ಅದಕ್ಕೆಲ್ಲ ಒಂದೇ ಮಳೆಗಾಲ ಇಲ್ಲ. ನಮ್ಮ ಗದಗ, ಹಾವೇರಿಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಮುಂಗಾರು ಬೇರೆ, ಹಿಂಗಾರು ಬೇರೆ ಅಂದರೆ ಅವರಿಗೆ ಅರ್ಥವಾಗುತ್ತದೆ. ವಿಯೆಟ್ನಾಂದಲ್ಲಿ ಉತ್ತರದ ಹನೋಯಿ, ದಕ್ಷಿಣದ ಹೋ ಚಿ ಮಿನ್ ಸಿಟಿ (ಊರವರಿಗೆ ಇವತ್ತಿಗೂ ಸೈಗಾನ್) ಮುಂಗಾರಿನ ಊರುಗಳು. ನಡುವಿನ ಹ್ಯೂ, ಡಾ ನಾಂಗ್, ಹೊಯ್ ಆನ್ ಹಿಂಗಾರಿನ ಊರುಗಳು.

ಕಾರಣ ಬೆಟ್ಟ. ದೇಶದ ಪಶ್ಚಿಮದ ಅಂಚಿನುದ್ದಕ್ಕೂ ಟ್ರುಓಂಗ್ ಸೋನ್ ಎಂಬ ಬೆಟ್ಟಸಾಲಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ನೈಋತ್ಯ ದಿಕ್ಕಿನಿಂದ ಬರುವ ಗಾಳಿ ತನ್ನ ನೀರನ್ನೆಲ್ಲ ಲಾವೋಸ್ ಕಡೆಯ ಇಳಿಜಾರಿನಲ್ಲಿ ಸುರಿದು, ಈಚೆ ಇಳಿಯುವಾಗ ಬಿಸಿಯಾಗಿ, ಒಣಗಿ ಬರುತ್ತದೆ. ಅಲ್ಲಿನವರು ಅದನ್ನು ಲಾವೋ ಗಾಳಿ ಎಂದೇ ಕರೆಯುತ್ತಾರೆ. ಯಲ್ಲಾಪುರದಲ್ಲಿ ಜಡಿಮಳೆ ಹಿಡಿದಿರುವ ದಿನವೇ ಗದಗಿನಲ್ಲಿ ಬರೀ ಮೋಡ, ಗಾಳಿ ಇರುವುದು ಇದೇ ಲೆಕ್ಕದಿಂದ. ಅಂದರೆ ಆರಿದ್ರಾ, ಪುನರ್ವಸು ಮಳೆಯ ಹೊತ್ತಿಗೆ ಹನೋಯಿ, ಸೈಗಾನ್ ತೊಯ್ದು ತೊಪ್ಪೆಯಾಗಿರುತ್ತವೆ, ಹ್ಯೂ 37-38 ಡಿಗ್ರಿ ಬಿಸಿಲಲ್ಲಿ ಕಾಯುತ್ತಿರುತ್ತದೆ. ಉತ್ತರಿ ಮಳೆ ದಾಟಿ ಹಸ್ತ, ಚಿತ್ತಿ, ಸ್ವಾತಿ ಬಂತೆಂದರೆ ಎಲ್ಲ ತಿರುವುಮುರುವು. ಈಶಾನ್ಯದ ಗಾಳಿ ಸಮುದ್ರದ ಮೇಲಿಂದ ನೇರ ಬಂದು ಅದೇ ಬೆಟ್ಟಕ್ಕೆ ಈಚೆಯಿಂದ ಬಡಿಯುತ್ತದೆ, ಹ್ಯೂ ಮುಳುಗುತ್ತದೆ. 1999ರ ನವೆಂಬರ್ ಮೊದಲ ವಾರದಲ್ಲಿ ಹ್ಯೂನಲ್ಲಿ 24 ಗಂಟೆಯಲ್ಲಿ ಬಿದ್ದ ಮಳೆ 1,384 ಮಿ.ಮೀ. ಗದಗಿಗೆ ಇಡೀ ವರ್ಷಕ್ಕೆ ಬೀಳುವುದು ಸುಮಾರು 600 ಮಿ.ಮೀ. ಎರಡು ವರ್ಷದ ಮಳೆ ಒಂದೇ ದಿನಕ್ಕೆ ಬಿದ್ದರೆ ಹೇಗಿರುತ್ತದೆಂದು ಎಣಿಸಿ ನೋಡಿ.

ಆದ್ದರಿಂದ ನಮ್ಮ ಕಡೆಯವರು ಮಾಡುವ ದೊಡ್ಡ ತಪ್ಪೆಂದರೆ ದಸರಾ, ದೀಪಾವಳಿ ರಜೆಗೆ ಹೊಯ್ ಆನ್, ಹ್ಯೂ ಟಿಕೆಟ್ ತೆಗೆಸುವುದು. ಮಕ್ಕಳಿಗೆ ರಜೆ ಇದೆ, ಇಲ್ಲಿ ಮಳೆ ಮುಗಿದಿದೆ, ಅಲ್ಲೂ ಮುಗಿದಿರಬೇಕು ಎಂಬ ಎಣಿಕೆ. ಅಕ್ಟೋಬರ್, ನವೆಂಬರ್‌ನಲ್ಲಿ ಹೊಯ್ ಆನ್‌ನ ಥು ಬೋನ್ ನದಿ ದಂಡೆ ಮೀರಿದರೆ ಹಳೇ ಪೇಟೆಯ ಓಣಿಗಳಲ್ಲಿ ದೋಣಿ ಓಡಾಡುತ್ತವೆ. ರೈಲು, ಬಸ್ಸು ನಿಲ್ಲುತ್ತವೆ, ಹಾಯ್ ವಾನ್ ಘಟ್ಟದಲ್ಲಿ ಗುಡ್ಡ ಕುಸಿಯುತ್ತದೆ. ದಸರೆಗೆ ಹೋಗುವುದಿದ್ದರೆ ಹನೋಯಿಗೆ ಹೋಗಿ, ಅಲ್ಲಿ ಅಷ್ಟೊತ್ತಿಗೆ ಮಳೆ ಇಳಿದು ಹವೆ ತಿಳಿಯಾಗಿರುತ್ತದೆ. ನಡುವಿನ ಊರುಗಳನ್ನು ಬಿಟ್ಟು, ಹನೋಯಿಯಿಂದ ಸೈಗಾನಿಗೆ ಎರಡು ತಾಸಿನ ವಿಮಾನ ಹಿಡಿಯಿರಿ. ಜೂನ್, ಜುಲೈ, ಆಗಸ್ಟ್‌ನಲ್ಲಿ ಹೊರಟವರು ಮಾತ್ರ ಉದ್ದಕ್ಕೂ ಹೋಗಬಹುದು: ಸೈಗಾನಿನಲ್ಲಿ ಮೂರು ದಿನ, ಡಾ ನಾಂಗ್ ಮತ್ತು ಹೊಯ್ ಆನ್ ಸೇರಿ ಮೂರು, ಹ್ಯೂ ಎರಡು, ಹನೋಯಿ ನಾಲ್ಕು. ದಿನ ಕಡಿಮೆ ಇದ್ದರೆ ಒಂದು ಊರನ್ನೇ ಬಿಡಿ. ಮಳೆಗಾಲದಲ್ಲಿ ಪ್ರತಿ ಊರಿಗೂ ಅರ್ಧ ದಿನ ಕೈಯಲ್ಲಿ ಹೆಚ್ಚಿಗೆ ಇರಲೇಬೇಕು.

ವೀಸಾ ವಿಷಯ. ಭಾರತದವರಿಗೆ ವೀಸಾ ಬೇಕೇ ಬೇಕು, ಇ-ವೀಸಾ ಸಾಕು. 2023ರ ಆಗಸ್ಟ್ 15ರಿಂದ ಅದು 90 ದಿನದವರೆಗೆ ಸಿಗುತ್ತದೆ. ಒಂದು ಸಲ ಒಳಹೋಗಲು 25 ಡಾಲರ್, ಹಲವು ಸಲಕ್ಕೆ 50 ಡಾಲರ್. ಹಣ ತಿರುಗಿ ಬರುವುದಿಲ್ಲ. ಸರ್ಕಾರದ ಜಾಲತಾಣದಲ್ಲೇ ಅರ್ಜಿ ಹಾಕಿ, ಅದರಂತೆಯೇ ಕಾಣುವ ಏಜೆಂಟರ ತಾಣಗಳು ಮೂರು ಪಟ್ಟು ಕೀಳುತ್ತವೆ. ಹೆಸರಿಗೆ ಮೂರು ಕೆಲಸದ ದಿನ, ಆದರೂ ಎರಡು ವಾರ ಮೊದಲೇ ಹಾಕುವುದು ಕ್ಷೇಮ. ಸೆಪ್ಟೆಂಬರ್ 2 ಅವರ ರಾಷ್ಟ್ರೀಯ ದಿನ, ಆ ಹೊತ್ತಿಗೆ ಕಚೇರಿಗಳು ಮುಚ್ಚಿರುತ್ತವೆ, ಹೋಟೆಲುಗಳು ತುಂಬಿರುತ್ತವೆ. ಅರ್ಜಿ ಕೆಡುವುದು ಹೆಚ್ಚಾಗಿ ನಾಲ್ಕು ಕಡೆ. ಪಾಸ್‌ಪೋರ್ಟ್ ಪುಟದ ಫೋಟೋದಲ್ಲಿ ಕೆಳಗಿನ ಎರಡು ಸಾಲು ಕತ್ತರಿಸಿ ಹೋಗಿರುವುದು ಅಥವಾ ಅದರ ಮೇಲೆ ಲೈಟಿನ ಹೊಳಪು ಬಿದ್ದಿರುವುದು ಮೊದಲನೆಯದು. ನಮ್ಮ ಪಾಸ್‌ಪೋರ್ಟ್ ನಂಬರಿನಲ್ಲಿ ಒಂದು ಅಕ್ಷರ, ಏಳು ಅಂಕಿ ಇರುತ್ತವೆ. ಆ ಅಂಕಿಗಳಲ್ಲಿ ಸೊನ್ನೆ ಇದ್ದ ಜಾಗದಲ್ಲಿ ಓ ಅಕ್ಷರ ಒತ್ತುವುದು ಎರಡನೆಯದು. ಮೂರನೆಯದು ಹೆಸರು. ಆಧಾರ್‌ನಲ್ಲಿ ಏನಿದ್ದರೂ ಇರಲಿ, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಯಾವ ಸಾಲಿನಲ್ಲಿದೆಯೋ ಇಲ್ಲಿಯೂ ಅದೇ ಸಾಲಿನಲ್ಲಿ ಬರಬೇಕು. ನಾಲ್ಕನೆಯದು ಒಳಹೋಗುವ ನಿಲ್ದಾಣ: ಹನೋಯಿಯ ನೋಯ್ ಬಾಯ್ ಎಂದು ಬರೆದು ಸೈಗಾನಿನ ತಾನ್ ಸೋನ್ ನ್ಯಾಟ್‌ನಲ್ಲಿ ಇಳಿಯಬಾರದು. ವೀಸಾ ಕೈಗೆ ಬಂದ ದಿನವೇ ಪ್ರತಿ ಅಕ್ಷರ ಪಾಸ್‌ಪೋರ್ಟಿಗೆ ಹೋಲಿಸಿ ನೋಡಿ. ಒಂದು ಅಂಕಿ ತಪ್ಪಿದ್ದರೂ ಬೆಂಗಳೂರಿನ ಕೌಂಟರಿನಲ್ಲೇ ತಡೆಯುತ್ತಾರೆ. ಎರಡು ಪ್ರಿಂಟ್ ತೆಗೆದು ಬೇರೆ ಬೇರೆ ಕಡೆ ಇಡಿ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ರೈಲು ಅಥವಾ ಬಸ್ಸಿನಲ್ಲಿ ಹೋಗಿ ಅದೇ ಬೆಳಗ್ಗೆ ವಿಮಾನ ಹಿಡಿಯುವ ಲೆಕ್ಕ ಹಾಕಬೇಡಿ. ಅಂತಾರಾಷ್ಟ್ರೀಯ ವಿಮಾನಕ್ಕೆ ಮೂರು ತಾಸು ಮೊದಲು ದೇವನಹಳ್ಳಿಯಲ್ಲಿರಬೇಕು, ಊರಿನ ರೈಲು ನಿಲ್ದಾಣದಿಂದ ಅಲ್ಲಿಗೆ ವಾಯು ವಜ್ರ ಬಸ್ಸಿನಲ್ಲೇ ಒಂದೂವರೆ ತಾಸು. ಮಧ್ಯಾಹ್ನದ ನಂತರದ ವಿಮಾನವಿದ್ದರೆ ಮಾತ್ರ ಇದು ಹೊಂದುತ್ತದೆ.

ಈಗ ಚೀಲ. ಕಡಿಮೆ ದರದ ವಿಮಾನಗಳಲ್ಲಿ ಕೈಯಲ್ಲಿ ಒಯ್ಯಲು ಬಿಡುವುದು ಸಾಮಾನ್ಯವಾಗಿ 7 ಕೆ.ಜಿ., ಗೇಟಿನಲ್ಲಿ ತೂಗಿಯೇ ಬಿಡುತ್ತಾರೆ. ಅಲ್ಲಿ ಕಟ್ಟಬೇಕಾದ ದಂಡ ಊರಿನಲ್ಲೇ ತೂಕ ಮಾಡಿದರೆ ಉಳಿಯುತ್ತದೆ. 35ರಿಂದ 40 ಲೀಟರಿನ ಚೀಲ ಸಾಕು. ಖಾಲಿ ಚೀಲವೇ ಒಂದೂಕಾಲು ಕೆ.ಜಿ. ಮೀರಿದ್ದರೆ ಬೇರೆಯದು ನೋಡಿ. ಚೀಲದ ಜೊತೆ ಬರುವ ಮಳೆ ಹೊದಿಕೆಯನ್ನು ನಂಬಿ ಕೆಟ್ಟವರು ಬಹಳ. ಆ ಹೊದಿಕೆ ಮೂರು ಬದಿ ಮುಚ್ಚುತ್ತದೆ, ಬೆನ್ನಿಗೆ ತಾಗುವ ಬದಿ ತೆರೆದೇ ಇರುತ್ತದೆ. ಕುತ್ತಿಗೆಯಿಂದ ಇಳಿದ ನೀರು ಹೆಗಲಪಟ್ಟಿ ಹಿಡಿದು ಬೆನ್ನಿನ ಸ್ಪಂಜಿಗೆ ಹೋಗಿ, ಅಲ್ಲಿಂದ ಹೊಲಿಗೆಯ ತೂತಿನಲ್ಲಿ ಒಳಗೆ ಇಳಿಯುತ್ತದೆ. ಮೇಲಾಗಿ ಹೊದಿಕೆಯ ತಳದಲ್ಲಿ ನೀರು ತುಂಬಿ ಬೋಗುಣಿಯ ಹಾಗೆ ನಿಲ್ಲುತ್ತದೆ. ಅರ್ಧ ತಾಸು ಸೈಗಾನಿನ ಮಳೆಯಲ್ಲಿ ನಿಂತರೆ ತಳದ ಬಟ್ಟೆ ಹಿಂಡುವಷ್ಟು ತೊಯ್ದಿರುತ್ತದೆ.

ಅದಕ್ಕೆ ಪರಿಹಾರ ಹೊರಗಿಲ್ಲ, ಒಳಗಿದೆ. ಹುಬ್ಬಳ್ಳಿಯ ದುರ್ಗದಬೈಲ್ ಸುತ್ತಿನ ಪ್ಲಾಸ್ಟಿಕ್ ಅಂಗಡಿಗಳಲ್ಲಿ ಸಿಗುವ ದಪ್ಪನೆಯ, ಚೀಲಕ್ಕಿಂತ ಒಂದೂವರೆ ಪಟ್ಟು ಎತ್ತರದ ಎರಡು ಪ್ಲಾಸ್ಟಿಕ್ ಚೀಲ ತಗೊಳ್ಳಿ. ಒಂದನ್ನು ಬೆನ್ನಚೀಲದ ಒಳಗೆ ಅಸ್ತರಿಯಂತೆ ಇಳಿಸಿ ಎಲ್ಲ ಸಾಮಾನನ್ನೂ ಅದರೊಳಗೆ ತುಂಬಿ. ಗಾಳಿ ಹಿಂಡಿ ತೆಗೆದು, ಮೇಲಿನ ಬಾಯಿಯನ್ನು ಗಟ್ಟಿಯಾಗಿ ತಿರುಚಿ, ತಿರುಚಿದ ಕುತ್ತಿಗೆಯನ್ನು ಕೆಳಕ್ಕೆ ಬಗ್ಗಿಸಿ ರಬ್ಬರ್ ಹಾಕಿ. ಬಾಯಿ ಕೆಳಗಾಗಿ ಮಡಿಸಿದ್ದರೆ ನೀರಿಗೆ ದಾರಿ ಇರುವುದಿಲ್ಲ. ಎರಡನೇ ಚೀಲ ತೊಯ್ದ ಬಟ್ಟೆಗೆ, ಅದು ಅಸ್ತರಿಯ ಹೊರಗೇ ಇರಬೇಕು. ಒಂದು ಹಸಿ ಸಾಕ್ಸ್ ಒಳಗೆ ಹೋದರೆ ರಾತ್ರಿ ಕಳೆಯುವುದರೊಳಗೆ ಎಲ್ಲ ಬಟ್ಟೆಗೂ ಮುಗ್ಗಲು ವಾಸನೆ ಹತ್ತಿರುತ್ತದೆ. ಪಾಸ್‌ಪೋರ್ಟ್, ಹಣ, ಚಾರ್ಜರ್ ಇವಕ್ಕೆ ಜಿಪ್ ಇರುವ ಸಣ್ಣ ಕವರುಗಳು ಬೇರೆ.

ಬಟ್ಟೆಯಲ್ಲಿ ನಮ್ಮ ಕಡೆಯ ರೂಢಿ ಬಿಡಲೇಬೇಕಾದ ಜಾಗ ಒಂದಿದೆ: ಹತ್ತಿ. ಏಪ್ರಿಲ್‌ನ ಗದಗಿನ 40 ಡಿಗ್ರಿಯಲ್ಲಿ ಹತ್ತಿ ಅಂಗಿಯಷ್ಟು ಹಿತ ಬೇರಿಲ್ಲ, ಯಾಕೆಂದರೆ ಗಾಳಿ ಒಣಗಿದೆ, ಬೆವರು ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಜುಲೈನ ಹನೋಯಿಯಲ್ಲಿ 34 ಡಿಗ್ರಿಯೇ ಇದ್ದರೂ ಗಾಳಿಯಲ್ಲಿ ನೀರು ತುಂಬಿರುವುದರಿಂದ ಬೆವರು ಮೈಮೇಲೆ ನಿಲ್ಲುತ್ತದೆ, ಅಂಗಿ ನೀರು ಕುಡಿದು ಅಂಟುತ್ತದೆ, ತೊಳೆದು ಹಾಕಿದ ಬನಿಯನ್ ಎರಡು ದಿನವಾದರೂ ಒಣಗುವುದಿಲ್ಲ. ಜೀನ್ಸ್ ಅಂತೂ ಒಯ್ಯಲೇ ಬೇಡಿ. ತೆಳು ಪಾಲಿಯೆಸ್ಟರ್ ಅಥವಾ ನೈಲಾನಿನ ಮೂರು ಅಂಗಿ, ಮೊಣಕಾಲು ಮುಚ್ಚುವ ಎರಡು ತೆಳು ಪ್ಯಾಂಟು, ನಾಲ್ಕು ಜೊತೆ ಒಳಬಟ್ಟೆ ಸಾಕು. ಹತ್ತಿಯದು ಒಂದೇ ಒಂದು ಇರಲಿ: ಮಗ್ಗದ ತೆಳು ಪಂಜೆ. ಹೊದೆಯಲು, ಮೈ ಒರೆಸಲು, ದೇವಸ್ಥಾನದಲ್ಲಿ ಕಾಲು ಮುಚ್ಚಲು, ಎಲ್ಲಕ್ಕಿಂತ ಹೆಚ್ಚಾಗಿ ಬಟ್ಟೆ ಒಣಗಿಸಲು ಅದು ಬೇಕು.

ಒಣಗಿಸುವ ಕ್ರಮ ಹೀಗೆ. ತೊಳೆದ ಅಂಗಿಯನ್ನು ಕೈಯಲ್ಲಿ ಹಿಂಡಿ, ಒಣ ಪಂಜೆಯ ಮೇಲೆ ಸುಕ್ಕಿಲ್ಲದೆ ಹಾಸಿ. ಚಾಪೆ ಸುತ್ತುವ ಹಾಗೆ ಎರಡನ್ನೂ ಸೇರಿಸಿ ಬಿಗಿಯಾಗಿ ಸುತ್ತಿ. ಸುರುಳಿಯ ಒಂದು ತುದಿಯನ್ನು ಕಾಲಲ್ಲಿ ಒತ್ತಿಹಿಡಿದು ಇನ್ನೊಂದನ್ನು ತಿರುಚಿ, ಆಮೇಲೆ ಉದ್ದಕ್ಕೂ ಹಿಮ್ಮಡಿಯಿಂದ ತುಳಿಯಿರಿ. ಬಿಚ್ಚಿದಾಗ ಅಂಗಿಯಲ್ಲಿ ಹಸಿ ಉಳಿದಿರುತ್ತದೆ, ನೀರು ಉಳಿದಿರುವುದಿಲ್ಲ. ಅದನ್ನು ಗೋಡೆಗೆ ತಾಗದಂತೆ, ಎರಡು ಬಟ್ಟೆಗಳ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು, ಎಸಿಯ ಗಾಳಿ ಹಾಯುವ ಕಡೆ ಹಗ್ಗಕ್ಕೆ ಹಾಕಿ. ರಿಮೋಟಿನಲ್ಲಿ ನೀರಹನಿಯ ಗುರುತಿನ ಒಣ ಮೋಡ್ ಇರುತ್ತದೆ, ಅದಕ್ಕೆ ಇಟ್ಟರೆ ಕೋಣೆಯ ತೇವವನ್ನು ಎಸಿ ಹೊರಗೆ ಹಾಕುತ್ತದೆ. ಬೆಳಗ್ಗೆ ಐದಕ್ಕೆ ಅಂಗಿ ತೊಡುವಂತಾಗಿರುತ್ತದೆ. ಕಿಟಕಿ ತೆರೆದಿಟ್ಟು ಒಣಗಿಸಲು ಹೋದರೆ ಕೆಟ್ಟಿರಿ, ಹೊರಗಿನ ಗಾಳಿಯೇ ಹಸಿ.

ಪಂಜೆಯ ಕೆಲಸ ಬೇಡವೆಂದರೆ ಕಿಲೋ ಲೆಕ್ಕದ ಲಾಂಡ್ರಿ ಪ್ರತಿ ಓಣಿಯಲ್ಲೂ ಇದೆ, ಒಂದು ಕೆ.ಜಿ.ಗೆ ಸಾಮಾನ್ಯವಾಗಿ 20ರಿಂದ 40 ಸಾವಿರ ಡಾಂಗ್ (ಅಲ್ಲಿನ ಹಣ). ಕೊಡುವಾಗ ಯಂತ್ರದಲ್ಲೇ ಒಣಗಿಸುತ್ತಾರೆಯೇ ಎಂದು ಕೇಳಿ. ಮಳೆ ಹಿಡಿದ ದಿನ ಹೊರಗೆ ನೇತುಹಾಕುವ ಅಂಗಡಿಗೆ ಕೊಟ್ಟರೆ ಸಂಜೆ ಹಸಿ ಬಟ್ಟೆಯೇ ಕೈಗೆ ಬರುತ್ತದೆ, ನಿಮ್ಮ ಬಸ್ಸು ಅಷ್ಟೊತ್ತಿಗೆ ಹೊರಡಲು ನಿಂತಿರುತ್ತದೆ.

ಕಾಲಿಗೆ ಬೂಟು ಬೇಡ, ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ಅಡಿಯ ಸ್ಯಾಂಡಲ್ ಬೇಕು. ಹವಾಯಿ ಚಪ್ಪಲಿ ಕೂಡದು. ಹನೋಯಿಯ ಹಳೇ ಪೇಟೆಯ ಫುಟ್‌ಪಾತಿನ ಟೈಲ್ಸು ತೊಯ್ದಾಗ ಎಣ್ಣೆ ಹಚ್ಚಿದ ಹಾಗಿರುತ್ತವೆ. ಹಾನಗಲ್ ಕಡೆ ಭತ್ತದ ಗದ್ದೆಯಲ್ಲಿ ನಿಂತವರಿಗೆ ಬೆರಳ ಸಂದಿಯಲ್ಲಿ ಆಗುವ ಕೆಸರು ಹುಣ್ಣು ಇಲ್ಲಿ ತಿರುಗಾಡುವವರಿಗೆ ನಾಲ್ಕನೇ ದಿನಕ್ಕೆ ಆಗುತ್ತದೆ. ರಾತ್ರಿ ಕಾಲು ತೊಳೆದು, ಸಂದಿಗಳನ್ನು ಒಂದೊಂದಾಗಿ ಒರೆಸಿ, ಕ್ಲೋಟ್ರಿಮಜೋಲ್ ಪುಡಿ ಹಾಕಿ ಮಲಗಿ. ತುರಿಕೆ ಶುರುವಾದ ಮೇಲೆ ಅಲ್ಲ, ಮೊದಲ ದಿನದಿಂದಲೇ.

ರೇನ್‌ಕೋಟ್ ಇಲ್ಲಿಂದ ಒಯ್ಯಬೇಡಿ. ನಮ್ಮ ಬೈಕಿನವರು ಹಾಕುವ ಅಂಗಿ-ಪ್ಯಾಂಟಿನ ಜೋಡಿಯಲ್ಲಿ ಒಳಗಿನ ಬೆವರಿಗೇ ತೊಯ್ಯುತ್ತೀರಿ. ಅಲ್ಲಿನದು ಗೋಣಿಚೀಲದ ಕೊಪ್ಪೆಯ ಜಾತಿಯದು, ತಲೆಯ ಮೇಲಿಂದ ಇಳಿಬಿಟ್ಟರೆ ಬೆನ್ನಚೀಲವನ್ನೂ ಸೇರಿಸಿ ಮುಚ್ಚುತ್ತದೆ, ಬದಿಯಿಂದ ಗಾಳಿ ಆಡುತ್ತದೆ. ಆವ್ ಮೂಆ ಎಂದು ಕೇಳಿ. ತೆಳು ಪ್ಲಾಸ್ಟಿಕ್ಕಿನದು 10 ಸಾವಿರ ಡಾಂಗ್ ಆಸುಪಾಸು, ಒಂದೇ ಮಳೆಗೆ ಹರಿಯುತ್ತದೆ. ಬೈಕಿನವರ ದಪ್ಪನೆಯದಕ್ಕೆ 50 ಸಾವಿರದಿಂದ ಒಂದು ಲಕ್ಷ, ಪ್ರವಾಸ ಮುಗಿಯುವವರೆಗೂ ಬಾಳುತ್ತದೆ. ಅದರಲ್ಲೇ ಎರಡು ತಲೆಯದು ಒಂದಿದೆ, ನೋಡುವಂಥದ್ದು: ಮುಂದೆ ಹೊಡೆಯುವವರಿಗೊಂದು ಕುತ್ತಿಗೆ, ಹಿಂದೆ ಕೂತವರಿಗೊಂದು ಕುತ್ತಿಗೆ, ಹ್ಯಾಂಡಲ್ ಮೇಲೆ ಇಳಿಬಿದ್ದ ಭಾಗದಲ್ಲಿ ಹೆಡ್‌ಲೈಟಿಗೆ ಸರಿಯಾಗಿ ಒಂದು ಪಾರದರ್ಶಕ ತುಂಡು. ಮಳೆ ಶುರುವಾದ ಎರಡೇ ನಿಮಿಷಕ್ಕೆ ಸಿಗ್ನಲಿನಲ್ಲಿ ನಿಂತ ನೂರಾರು ಬೈಕುಗಳು ಸೀಟಿನಡಿಯಿಂದ ಇದನ್ನು ತೆಗೆದು ತೊಟ್ಟು, ಇಡೀ ರಸ್ತೆ ಬಣ್ಣ ಬದಲಿಸುತ್ತದೆ.

ಬೈಕ್ ಎಂದಾಗ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬಾಡಿಗೆ ಬೈಕು ಪಾಸ್‌ಪೋರ್ಟ್ ತೋರಿಸಿದರೆ ಸಿಕ್ಕಿಬಿಡುತ್ತದೆ, ಅದಕ್ಕೇ ಜನ ಮೋಸ ಹೋಗುವುದು. ಭಾರತದ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಪರವಾನಗಿ 1949ರ ಜಿನೀವಾ ಒಪ್ಪಂದದ್ದು. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ಅಂದರೆ ಕೈಯಲ್ಲಿ ಪುಸ್ತಕವಿದ್ದರೂ ಕಾನೂನಿನ ಲೆಕ್ಕದಲ್ಲಿ ನಿಮಗೆ ಲೈಸೆನ್ಸ್ ಇಲ್ಲ, ಬಿದ್ದರೆ ಪ್ರವಾಸ ವಿಮೆ ಒಂದು ರೂಪಾಯಿ ಕೊಡುವುದಿಲ್ಲ. ತೊಯ್ದ ರಸ್ತೆ, ಎಡದ ಬದಲು ಬಲಕ್ಕೆ ಓಡುವ ಸಂಚಾರ, ಜೊತೆಗೆ ವಿಮೆ ಇಲ್ಲ. ಹಿಂದಿನ ಸೀಟಿನಲ್ಲಿ ಕೂತು ಹೋಗಿ. ಗ್ರ್ಯಾಬ್ ಆ್ಯಪ್‌ನಲ್ಲಿ ಬೈಕು, ಕಾರು ಎರಡೂ ಸಿಗುತ್ತವೆ, ದರ ಮೊದಲೇ ಕಾಣಿಸುತ್ತದೆ. ಹಿಂದೆ ಕೂತಾಗ ಕೊಪ್ಪೆಯ ಅಂಚನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಳ್ಳಿ, ಇಳಿಬಿಟ್ಟರೆ ಹಿಂದಿನ ಗಾಲಿಗೆ ಸುತ್ತಿಕೊಳ್ಳುತ್ತದೆ. ಮಳೆ ಜೋರಾದ ಕ್ಷಣ ದರ ಎರಡು ಪಟ್ಟಾಗುತ್ತದೆ. ಹತ್ತಿರದ ಅಂಗಡಿಯಲ್ಲಿ ಒಂದು ಕಾಫಿ ಕುಡಿದು ಮುಕ್ಕಾಲು ತಾಸು ಕೂತರೆ ಇಳಿಯುತ್ತದೆ.

ಸೈಗಾನಿನ ಮಳೆಗೆ ಹೊತ್ತು ಗೊತ್ತಿದೆ, ಹೆಚ್ಚಾಗಿ ಮಧ್ಯಾಹ್ನ ಎರಡರಿಂದ ಸಂಜೆ ಐದರೊಳಗೆ, ಒಂದು ತಾಸು, ಕೊಡ ಬೋರಲು ಹಾಕಿದ ಹಾಗೆ. ಆದ್ದರಿಂದ ದಿನವನ್ನು ಊರವರ ಹಾಗೆ ಕಟ್ಟಿಕೊಳ್ಳಿ. ಬೆಳಗ್ಗೆ ಐದೂವರೆಗೆ ಉದ್ಯಾನಗಳಲ್ಲಿ ಜನ ತುಂಬಿರುತ್ತಾರೆ, ಆರಕ್ಕೆ ನಾಷ್ಟಾ ಅಂಗಡಿಗಳು ನಡೆದಿರುತ್ತವೆ. ಹೊರಗೆ ತಿರುಗುವುದನ್ನು ಹನ್ನೊಂದರೊಳಗೆ ಮುಗಿಸಿ, ಊಟ ಮಾಡಿ, ಮಳೆಯ ಹೊತ್ತನ್ನು ಯುದ್ಧ ಸ್ಮಾರಕ ವಸ್ತುಸಂಗ್ರಹಾಲಯಕ್ಕೆ ಅಥವಾ ಸ್ವಾತಂತ್ರ್ಯ ಅರಮನೆಗೆ ಇಟ್ಟುಕೊಳ್ಳಿ. 2024ರ ಡಿಸೆಂಬರ್ 22ಕ್ಕೆ ಶುರುವಾದ ಮೆಟ್ರೋದ ಮೊದಲ ಸಾಲು ಬೆನ್ ಥಾನ್ ಮಾರುಕಟ್ಟೆಯಿಂದ ಸುಓಯ್ ಟಿಯೆನ್‌ವರೆಗೆ 19.7 ಕಿ.ಮೀ., 14 ನಿಲ್ದಾಣ. ರಸ್ತೆಯಲ್ಲಿ ನೀರು ನಿಂತ ದಿನ ಅದೇ ದಾರಿ.

ನೀರು ನಿಲ್ಲಲು ಸೈಗಾನಿನಲ್ಲಿ ಮಳೆಯೊಂದೇ ಕಾರಣ ಅಲ್ಲ. ಊರು ತಗ್ಗಿನಲ್ಲಿದೆ, ಸಮುದ್ರದ ಉಬ್ಬರ ನದಿ ಹಿಡಿದು ಒಳಗೆ ಬರುತ್ತದೆ. ಉಬ್ಬರದ ಹೊತ್ತಿಗೇ ಮಳೆ ಬಿದ್ದರೆ ಗಟಾರದ ನೀರಿಗೆ ಹೋಗಲು ಜಾಗವಿಲ್ಲ, ಉಬ್ಬರ ಇಳಿದರೆ ತಾನೇ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ದಿನಗಳಲ್ಲಿ, ಅದರಲ್ಲೂ ಅಕ್ಟೋಬರ್, ನವೆಂಬರ್‌ನಲ್ಲಿ ಇದು ಜಾಸ್ತಿ. ಆ ನೀರಿನಲ್ಲಿ ನಡೆಯಬೇಡಿ. ನೀರು ಬೇಗ ಇಳಿಯಲಿ ಎಂದು ಕೆಲವು ಕಡೆ ಮ್ಯಾನ್‌ಹೋಲ್ ಮುಚ್ಚಳ ತೆಗೆದಿರುತ್ತಾರೆ, ಅದು ಕಾಣುವುದಿಲ್ಲ. ಕಾಲಲ್ಲಿ ಗಾಯವಿದ್ದರೆ ಇಲಿಜ್ವರದ ಭಯ. ವಿದ್ಯುತ್ ಕಂಬ, ಬೆಳಗುವ ಬೋರ್ಡುಗಳ ಹತ್ತಿರ ಅಂತೂ ಹೋಗಲೇಬಾರದು. ಒಂದು ತಾಸು ಮೆಟ್ಟಿಲ ಮೇಲೆ ನಿಂತು ಕಾಯುವುದೇ ಸರಿ.

ವಿಳಾಸದ ಗೊಂದಲವೂ ಒಂದಿದೆ. 2025ರ ಜುಲೈ 1ರಿಂದ ದೇಶದ 63 ಪ್ರಾಂತ್ಯಗಳು 34 ಆದವು, ಜಿಲ್ಲೆ ಎಂಬ ನಡುವಿನ ಹಂತವನ್ನೇ ತೆಗೆದರು. ಕಾಗದದ ಮೇಲೆ ಸೈಗಾನಿನ ಡಿಸ್ಟ್ರಿಕ್ಟ್ 1 ಈಗ ಇಲ್ಲ, ಬಾಯಲ್ಲಿ ಇದೆ. ಹೋಟೆಲಿನ ಹಳೆಯ, ಹೊಸ ಎರಡೂ ವಿಳಾಸ ಬರೆದಿಟ್ಟುಕೊಳ್ಳಿ.

ಹನೋಯಿಯ ಮಳೆಗೆ ಹೊತ್ತಿಲ್ಲ, ರಾತ್ರಿಯೆಲ್ಲ ಸುರಿದು ಬೆಳಗ್ಗೆ ಬಿಸಿಲು ಬರಬಹುದು, ಎರಡು ದಿನ ಬಿಡದಿರಬಹುದು. ಹಳೇ ಪೇಟೆಯ ಮನೆಗಳು ಮುಂದೆ ಕಿರಿದು, ಹಿಂದಕ್ಕೆ ಕೊಳವೆಯಂತೆ ಉದ್ದ. ನಡುವಿನ ಕೋಣೆಗಳಿಗೆ ಕಿಟಕಿಯೇ ಇರುವುದಿಲ್ಲ, ಮಳೆಗಾಲದಲ್ಲಿ ಮುಗ್ಗಲು. ಬುಕ್ ಮಾಡುವಾಗ ಕಿಟಕಿ ಇರುವ, ಮೊದಲ ಮಹಡಿಗಿಂತ ಮೇಲಿನ ಕೋಣೆ ಎಂದು ಬರೆದು ಕೇಳಿ. ಹೋ ಚಿ ಮಿನ್ ಸಮಾಧಿ ಭವನ ಸೋಮವಾರ, ಶುಕ್ರವಾರ ಮುಚ್ಚಿರುತ್ತದೆ, ಉಳಿದ ದಿನ ಬೆಳಗ್ಗೆ ಮಾತ್ರ. ಜೂನ್, ಜುಲೈ ಹೊತ್ತಿಗೆ ನಿರ್ವಹಣೆಗೆಂದು ವಾರಗಟ್ಟಲೆ ಮುಚ್ಚುವುದೂ ಉಂಟು, ಹೊರಡುವ ಮೊದಲು ನೋಡಿಕೊಳ್ಳಿ. 1070ರಲ್ಲಿ ಕಟ್ಟಿದ ಸಾಹಿತ್ಯ ದೇಗುಲಕ್ಕೆ ಮಳೆ ನಿಂತ ಕೂಡಲೇ ಹೋಗಬೇಕು, ತೊಯ್ದ ಹೆಂಚು, ಕಲ್ಲಿನ ಆಮೆಗಳು ಬಹಳ ಚೆಂದ. ಎಸಿ ಕೋಣೆಯಿಂದ ನೇರ ಹೊರಬಂದು ಮೊಬೈಲ್ ತೆಗೆದರೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಒರೆಸಿದಷ್ಟೂ ಮತ್ತೆ ಬರುತ್ತದೆ, ಚೀಲದಲ್ಲೇ ಹದಿನೈದು ನಿಮಿಷ ಬಿಟ್ಟು ಆಮೇಲೆ ತೆಗೆಯಿರಿ.

ಚಂಡಮಾರುತದ ವಿಷಯದಲ್ಲಿ ತಿಳಿದಿರಬೇಕಾದ್ದು, ಅಲ್ಲಿನ ಸುದ್ದಿಯಲ್ಲಿ ಅದಕ್ಕೆ ಹೆಸರಿಗಿಂತ ಅಂಕಿ ಹೆಚ್ಚು. ವರ್ಷದ ಮೊದಲನೆಯದು ಬಾವ್ ಸೊ 1 (ಬಿರುಗಾಳಿ ನಂಬರ್ 1), ಹಾಗೇ ಮುಂದಕ್ಕೆ. 2024ರ ಸೆಪ್ಟೆಂಬರ್ 7ಕ್ಕೆ ಉತ್ತರದ ಕರಾವಳಿಗೆ ಅಪ್ಪಳಿಸಿದ ಯಾಗಿ ಅವರಿಗೆ ಬಾವ್ ಸೊ 3. ಹೋಟೆಲಿನವರು ಬಾವ್ ಎಂದ ಕೂಡಲೇ ಹಾಲಾಂಗ್ ಕೊಲ್ಲಿಯ ದೋಣಿ ಪ್ರವಾಸ ಬಿಡಿ, ಕಟ್ಟಿದ ಹಣ ಹೋದರೂ ಬಿಡಿ. 2025ರ ಜುಲೈ 19ಕ್ಕೆ ಅಲ್ಲಿ ಪ್ರವಾಸಿ ದೋಣಿ ಮಗುಚಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಚಂಡಮಾರುತ ಇನ್ನೂ ಬಂದಿರಲಿಲ್ಲ, ಅದಕ್ಕೂ ಮುಂಚಿನ ಗುಡುಗು ಮಳೆಯ ಗಾಳಿಯೇ ಸಾಕಾಯಿತು. ಬಿರುಗಾಳಿಯ ಮುನ್ನಾದಿನ ಎರಡು ದಿನಕ್ಕಾಗುವಷ್ಟು ಕುಡಿಯುವ ನೀರು, ಒಣ ತಿನಿಸು, ನಗದು ಕೈಯಲ್ಲಿಟ್ಟುಕೊಂಡು, ಪವರ್‌ಬ್ಯಾಂಕ್ ತುಂಬಿಸಿಕೊಂಡು ಕೋಣೆಯಲ್ಲಿರಿ.

ಊರಿಂದೂರಿಗೆ ಹೋಗಲು ರೈಲು ನನ್ನ ಮೊದಲ ಆಯ್ಕೆ. ಹನೋಯಿ-ಸೈಗಾನ್ ಮಾರ್ಗ 1,726 ಕಿ.ಮೀ., ಇವತ್ತಿಗೂ ಮೀಟರ್ ಗೇಜ್. ತೊಂಬತ್ತರ ದಶಕಕ್ಕೂ ಮುಂಚೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಮೀಟರ್ ಗೇಜಿನಲ್ಲಿ ಹೋದವರಿಗೆ ಆ ತೂಗು, ಆ ನಿಧಾನ ಕೂತ ಕೂಡಲೇ ನೆನಪಾಗುತ್ತದೆ. ನಾಲ್ಕು ಬರ್ತಿನ ಮೆತ್ತನೆಯ ಕೋಣೆ, ಆರು ಬರ್ತಿನ ಗಟ್ಟಿ ಕೋಣೆ ಎಂದು ಎರಡು ಬಗೆ. ಆರರಲ್ಲಿ ತೀರ ಮೇಲಿನದು ಅಗ್ಗ, ಆದರೆ ಎದ್ದು ಕೂರಲು ತಲೆಗೆ ಜಾಗ ಇಲ್ಲ, ಎಸಿಯ ಗಾಳಿ ನೇರ ಮುಖಕ್ಕೆ. ಹ್ಯೂ-ಡಾ ನಾಂಗ್ ನಡುವಿನ ನೂರು ಕಿ.ಮೀ. ಮಾತ್ರ ಹಗಲು ಹೋಗಿ. ರಸ್ತೆಯಲ್ಲಿ ಹೋದರೆ 2005ರಲ್ಲಿ ತೆರೆದ ಸುರಂಗದೊಳಗೆ ದಾಟಿಬಿಡುತ್ತೀರಿ, ರೈಲು ಸಮುದ್ರದ ಅಂಚಿಗೇ ಘಟ್ಟ ಸುತ್ತುತ್ತದೆ. ದಕ್ಷಿಣಕ್ಕೆ ಹೋಗುವಾಗ ಎಡಗಡೆಯ ಕಿಟಕಿ. ಸ್ಲೀಪರ್ ಬಸ್ಸಿನಲ್ಲಿ ಚೀಲ ಹೊಟ್ಟೆಯ ಡಿಕ್ಕಿಗೆ ಹೋಗುತ್ತದೆ, ಅದರ ನೆಲ ತೊಯ್ದಿರುತ್ತದೆ, ಮೇಲೆ ಹೇಳಿದ ಅಸ್ತರಿ ಅಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಹಣ. ಒಂದು ರೂಪಾಯಿಗೆ ಸುಮಾರು 300 ಡಾಂಗ್. ಕೊನೆಯ ಎರಡು ಸೊನ್ನೆ ಬಿಟ್ಟು ಉಳಿದದ್ದನ್ನು ಮೂರರಿಂದ ಭಾಗಿಸಿದರೆ ರೂಪಾಯಿ ಬರುತ್ತದೆ, 50 ಸಾವಿರ ಅಂದರೆ ಸುಮಾರು 167 ರೂಪಾಯಿ. 10 ಸಾವಿರ ಮತ್ತು ಮೇಲಿನ ನೋಟುಗಳು ಪ್ಲಾಸ್ಟಿಕ್ಕಿನವು, ತೊಯ್ದರೆ ಒಂದಕ್ಕೊಂದು ಅಂಟಿ ಎರಡು ಹೋಗುತ್ತವೆ, ಉಜ್ಜಿ ಎಣಿಸಿ. 20 ಸಾವಿರದ್ದೂ 5 ಲಕ್ಷದ್ದೂ ಎರಡೂ ನೀಲಿ ಬಣ್ಣ, ಕತ್ತಲಲ್ಲಿ, ಮಳೆಯ ಅವಸರದಲ್ಲಿ ಇವೇ ಅದಲುಬದಲಾಗುವುದು. 5 ಲಕ್ಷದ ನೋಟನ್ನು ಬೇರೆ ಕಿಸೆಯಲ್ಲಿಡಿ. ಯುಪಿಐ ನಂಬಿ ಹೋಗಬೇಡಿ, ಅಂಗಡಿಯ ಮುಂದಿನ ಕ್ಯೂಆರ್ ಅವರ ಬ್ಯಾಂಕ್ ಖಾತೆಗಳದ್ದು. ಡಾರ್ಮಿಟರಿ ಹಾಸಿಗೆ, ಮೂರು ಹೊತ್ತಿನ ಊಟ, ನಾಲ್ಕಾರು ಗ್ರ್ಯಾಬ್ ಸೇರಿ ದಿನಕ್ಕೆ 6ರಿಂದ 8 ಲಕ್ಷ ಡಾಂಗ್ ಇಟ್ಟುಕೊಂಡರೆ ಕೈ ಬಿಗಿಯಾಗುವುದಿಲ್ಲ. ಚಾರ್ಜರ್ ಎರಡು ದುಂಡು ಪಿನ್ನಿನದೇ ಇರಲಿ, ನಮ್ಮ ಮೂರು ಪಿನ್ನಿನದು ಅಲ್ಲಿ ಕೂರುವುದಿಲ್ಲ.

ಸಸ್ಯಾಹಾರಿಗಳಿಗೆ ಊಟ ಸಿಗುವುದಿಲ್ಲ ಎಂಬ ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ. ಸಿಗುತ್ತದೆ, ಪದ ಗೊತ್ತಿರಬೇಕು. ಬೋರ್ಡಿನ ಮೇಲೆ ಸಿ, ಎಚ್, ಎ, ವೈ ಎಂಬ ನಾಲ್ಕು ಅಕ್ಷರ ಹುಡುಕಿ, ಉಚ್ಚಾರ ಹೆಚ್ಚುಕಡಿಮೆ ನಮ್ಮ ಚಾಯ್‌ನದೇ, ಅರ್ಥ ಬೌದ್ಧರ ಸಸ್ಯಾಹಾರ. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ, ಅಂದರೆ ಹೆಚ್ಚುಕಡಿಮೆ ಅಮಾವಾಸ್ಯೆ, ಹುಣ್ಣಿಮೆಗೆ, ಬೇರೆ ದಿನ ಮಾಂಸ ಮಾಡುವ ಅಂಗಡಿಗಳೂ ಚಾಯ್ ಮಾಡುತ್ತವೆ. ಗುಡಿಗಳ ಹತ್ತಿರದ ಕಟ್ಟುನಿಟ್ಟಿನ ಕಡೆ ಉಳ್ಳಾಗಡ್ಡಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಹ್ಯೂ ಇದಕ್ಕೆ ಹೆಸರಾದ ಊರು. ಮಾಮೂಲಿ ಅಂಗಡಿಯಲ್ಲಿ "ತರಕಾರಿ ಮಾತ್ರ" ಎಂದು ಹೇಳಿದರೆ ಸಾಲದು, ತರಕಾರಿಯ ಮೇಲೆಯೇ ಮೀನಿನ ಸಾಸ್ ಬೀಳುತ್ತದೆ, ಫೋ ಎಂಬ ನೂಡಲ್ಸಿನ ಸಾರು ಎಲುಬಿನದು.

ಜೊತೆಗೆ ಊರಿನದ್ದು ಏನು ಒಯ್ಯಬೇಕು? ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ತಲಾ ನೂರು ಗ್ರಾಂ. ಅಲ್ಲಿನ ಅನ್ನ, ತೋಫು ಎರಡಕ್ಕೂ ಹೊಂದುತ್ತವೆ. ಕಡಕ್ ರೊಟ್ಟಿ ಒಯ್ಯುವವರು ಒಂದೇ ಕಟ್ಟು ಕಟ್ಟಬೇಡಿ. ಕಟ್ಟು ಬಿಚ್ಚಿದ ರಾತ್ರಿಯೇ ಗಾಳಿಯ ತೇವ ಕುಡಿದು ರೊಟ್ಟಿ ಚರ್ಮದ ಹಾಗೆ ಜಿಗಟಾಗುತ್ತದೆ, ಮೂರನೇ ದಿನಕ್ಕೆ ಬೂಸ್ಟು. ಒಂದು ಹೊತ್ತಿಗೆ ಬೇಕಾದ ನಾಲ್ಕು ರೊಟ್ಟಿಯನ್ನು ಒಂದೊಂದು ಜಿಪ್ ಕವರಿನಲ್ಲಿ ಗಾಳಿ ತೆಗೆದು ಮುಚ್ಚಿ, ಚಪ್ಪಟೆ ಡಬ್ಬಿಯಲ್ಲಿ ಇಡಿ. ಪೇಡೆ ಬೇಡ, ಆ ಸೆಕೆಗೆ ನಿಲ್ಲುವುದಿಲ್ಲ.

ನಲ್ಲಿ ನೀರು ಕುಡಿಯಬಾರದು. ನಡುವೆ ತೂತಿರುವ ಕೊಳವೆಯಂಥ ಐಸು ಕಾರ್ಖಾನೆಯದು, ಗಟ್ಟಿ ಗಡ್ಡೆಯಿಂದ ಒಡೆದದ್ದು ಬೇಡ. ದಿನಕ್ಕೆ ಒಂದು ಒಆರ್‌ಎಸ್ ಪೊಟ್ಟಣ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಹಾಕಿ ಕುಡಿಯಿರಿ, ಅಲ್ಲಿನ ಔಷಧಿ ಅಂಗಡಿಯಲ್ಲಿ ಒರೆಸಾಲ್ ಎಂದು ಕೇಳಬೇಕು. ಡೆಂಗಿ ಮಳೆಗಾಲದಲ್ಲೇ ಏರುವುದು, ಆ ಸೊಳ್ಳೆ ಕಚ್ಚುವುದು ಹಗಲು, ಹಾಗಾಗಿ ಕೋಣೆಯ ಪರದೆಗಿಂತ ಬೆಳಗ್ಗೆ ಹೊರಡುವಾಗ ಕೈಕಾಲಿಗೆ ಹಚ್ಚುವ ಮುಲಾಮು ಮುಖ್ಯ. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್ ತಗೊಂಡರೆ ಡೆಂಗಿಯಲ್ಲಿ ರಕ್ತಸ್ರಾವ ಹೆಚ್ಚಬಹುದು. ಎರಡನೇ ದಿನಕ್ಕೂ ಇಳಿಯದಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಊರಿಗೆ ಬಂದ ಮೇಲೆ ಎರಡು ವಾರದೊಳಗೆ ಜ್ವರ ಬಂದರೂ ಡಾಕ್ಟರಿಗೆ ವಿಯೆಟ್ನಾಂಗೆ ಹೋಗಿದ್ದೆ ಎಂದು ಮೊದಲು ಹೇಳಿ.

ಹೊರಡುವ ಹಿಂದಿನ ಸಂಜೆ ಬಟ್ಟೆಯೆಲ್ಲ ಯಂತ್ರದಲ್ಲಿ ಒಣಗಿಸುವ ಲಾಂಡ್ರಿಗೆ ಕೊಡಿ. ಹನೋಯಿಯಿಂದ ಬೆಂಗಳೂರು, ಅಲ್ಲಿಂದ ಹುಬ್ಬಳ್ಳಿ ಎಂದರೆ ಚೀಲ ಒಂದು ದಿನಪೂರ್ತಿ ಮುಚ್ಚಿಯೇ ಇರುತ್ತದೆ, ಒಂದು ಹಸಿ ಟವಲ್ ಸಾಕು ಬೂಸ್ಟು ಹಿಡಿಯಲು. ಸ್ಯಾಂಡಲ್ ತೊಯ್ದಿದ್ದರೆ ಹೋಟೆಲಿನ ಕೌಂಟರಿನಲ್ಲಿ ಹಳೇ ಪೇಪರ್ ಕೇಳಿ ಸುತ್ತಿಡಿ, ಎರಡು ತಾಸಿಗೊಮ್ಮೆ ಪೇಪರ್ ಬದಲಿಸಿ. ಮನೆಗೆ ಬಂದ ಮೇಲೆ ಖಾಲಿ ಚೀಲವನ್ನು ಎಲ್ಲ ಜಿಪ್ಪು ತೆರೆದು, ಒಳಗೆ ಹೊರಗೆ ಮಾಡಿ, ಮಾಳಿಗೆಯ ಮೇಲೆ ಎರಡು ದಿನ ಬಿಸಿಲಿಗೆ ಹಾಕಿ. ಬೆನ್ನಿನ ಸ್ಪಂಜು ಒಣಗುವುದು ಎಲ್ಲಕ್ಕಿಂತ ಕೊನೆಗೆ.